ಗೋಡೆ ತಡೆದದ್ದನ್ನು ಕಂಬ ಹೊತ್ತು ತಂತು

(ಕೆಳಗಿನ ಪ್ರೆಸ್ ಷಾಪಿನ ಮಾಲೀಕರಿಗೊಂದು ಬಹಿರಂಗ ಪತ್ರ)

ಸ್ವಾಮಿ,

ನಿಮ್ಮ ಷಾಪಿನ ಮೇಲಿನ ಮನೆಯಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗೆ ಇರುವವನು ನಾನು. ಮೆಟ್ಟಿಲ ಹತ್ತಿರ ಎದುರಾದಾಗಲೆಲ್ಲ ನಿಂತು ಮಾತಾಡಿಸುತ್ತೀರಿ. ಆಯುಧಪೂಜೆಯ ದಿನ ಮೆಷೀನುಗಳಿಗೆ ಬೂದುಗುಂಬಳ ಒಡೆದಾದ ಮೇಲೆ ಕಡ್ಲೆಪುರಿ, ಸಿಹಿಯ ಪೊಟ್ಟಣ ನಮ್ಮ ಮನೆಗೂ ಬರುತ್ತದೆ. ಈ ಪತ್ರ ಜಗಳಕ್ಕಲ್ಲ. ಹೋದ ತಿಂಗಳು ನೀವು ಕೇಳಿದ ಒಂದು ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಹೇಳಲಾಗಲಿಲ್ಲ, ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಮ್ಮ ದೂರು ಕೇಳಿ ನೀವು ಸುಮ್ಮನಿರಲಿಲ್ಲ. ಷಾಪಿಗೂ ಮೆಟ್ಟಿಲಿಗೂ ನಡುವೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸಿ ಎರಡೂ ಕಡೆ ಗಾರೆ ಮಾಡಿಸಿದಿರಿ. ರೋಲಿಂಗ್ ಷಟರಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದಿರಿ. ಸೀಲಿಂಗಿಗೆ ಥರ್ಮಾಕೋಲ್ ಅಂಟಿಸಿದಿರಿ. ಆದರೂ ಮೂರನೇ ರಾತ್ರಿ ನಾನು ಮತ್ತೆ ಕೆಳಗಿಳಿದು ಬಂದೆ. ಆಗ ನೀವು ಬೇಸರದಲ್ಲಿ, "ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಸದ್ದು ಅಂದ್ರೆ ಹೇಗೆ ಸಾರ್, ಶಬ್ದ ಗೋಡೆ ತೂರ್ಕೊಂಡು ಬರುತ್ತಾ?" ಎಂದಿರಿ.

ಇಲ್ಲ ಸ್ವಾಮಿ. ಗೋಡೆ ತನ್ನ ಪಾಲಿನ ಕೆಲಸ ಮಾಡಿದೆ. ಗಾರೆ ಮಾಡಿದ ಒಂಬತ್ತು ಇಂಚಿನ ಗೋಡೆ ಗಾಳಿಯಲ್ಲಿ ಬರುವ ಸದ್ದನ್ನು ಹತ್ತಿರ ಹತ್ತಿರ 50 ಡೆಸಿಬೆಲ್ ತಗ್ಗಿಸುತ್ತದೆ. ಲಕ್ಷ ಪಾಲು ಬಡಿದರೆ ಆಚೆ ದಾಟುವುದು ಒಂದು ಪಾಲು. ಹುಡುಗರ ಕೂಗಾಟ, ಕಂಪ್ರೆಸರಿನ ಗಾಳಿಯ ಸೀಟಿ, ಎಫ್‌ಎಂ ರೇಡಿಯೊ ಈಗ ನಮಗೆ ಕೇಳುವುದೇ ಇಲ್ಲ. ಅದಕ್ಕೆ ನಾವು ಋಣಿಗಳು. ಥರ್ಮಾಕೋಲಿನ ದುಡ್ಡು ಮಾತ್ರ ದಂಡ, ಅದು ಶಬ್ದ ತಡೆಯುವಷ್ಟು ತೂಕದ್ದೂ ಅಲ್ಲ, ಹೀರಿಕೊಳ್ಳುವಷ್ಟು ರಂಧ್ರದ್ದೂ ಅಲ್ಲ. ಆದರೆ ನಮ್ಮನ್ನು ರಾತ್ರಿ ಎಬ್ಬಿಸುವ ಆ 'ಧಡ್' ಇದೆಯಲ್ಲ, ಅದು ಗೋಡೆಯ ಕಡೆಗೆ ಹೋಗುವುದೇ ಇಲ್ಲ. ಪ್ರೆಸ್ಸಿನಿಂದ ಬೋಲ್ಟಿಗೆ, ಬೋಲ್ಟಿನಿಂದ ನೆಲಕ್ಕೆ, ನೆಲದಿಂದ ಕಂಬಕ್ಕೆ ಇಳಿದು, ಕಂಬ ಹತ್ತಿ ನಮ್ಮ ಮಲಗುವ ಕೋಣೆಗೆ ಬರುತ್ತದೆ.

ಇದನ್ನು ನಿಮ್ಮೊಬ್ಬರ ಕಿವಿಗೆ ಹೇಳಿ ಮುಗಿಸಬಹುದಿತ್ತು. ಊರಿಗೆಲ್ಲ ಕಾಣುವಂತೆ ಬರೆಯುವುದಕ್ಕೆ ಕಾರಣವಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿ, ಅಂದ್ರಹಳ್ಳಿಯ ಯಾವ ಅಡ್ಡರಸ್ತೆಗೆ ಬೇಕಾದರೂ ಹೋಗಿ ನೋಡಿ: ಕೆಳಗೆ ಲೇತು, ಪ್ರೆಸ್ಸು, ಪವರ್ ಹ್ಯಾಕ್ಸಾ, ಮೇಲೆ ತೊಟ್ಟಿಲು, ಪರೀಕ್ಷೆಗೆ ಓದುವ ಮಕ್ಕಳು, ನೈಟ್ ಷಿಫ್ಟ್ ಮುಗಿಸಿ ಹಗಲು ಮಲಗುವವರು. ನಿಮ್ಮ ಹಾಗೆ ಒಳ್ಳೆಯ ಮನಸ್ಸಿನಿಂದ ಗೋಡೆ ಕಟ್ಟಿಸಿ ಸೋತವರು, ನಮ್ಮ ಹಾಗೆ ಮತ್ತೆ ದೂರು ಹೇಳಲು ಸಂಕೋಚಪಟ್ಟು ಸುಮ್ಮನಾದವರು ಪ್ರತಿ ಬೀದಿಯಲ್ಲೂ ಇದ್ದಾರೆ.

ನನ್ನ ಕೆಲಸ ನಿಮಗೆ ಗೊತ್ತು. ಪೀಣ್ಯದಲ್ಲಿ 26 ವರ್ಷ ಅಲ್ಟ್ರಾಸೋನಿಕ್ ಟೆಸ್ಟಿಂಗ್ ಮಾಡಿದವನು, ಷಾಪಿನ ಮಾತಿನಲ್ಲಿ ಯು.ಟಿ.ಯವನು. ಫೋರ್ಜಿಂಗು, ಷಾಫ್ಟು, ವೆಲ್ಡಿಂಗು, ಯಾವುದನ್ನೂ ಕತ್ತರಿಸದೆ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ನಮ್ಮ ಕೆಲಸ. ಪ್ರೋಬನ್ನು ಜಾಬಿನ, ಅಂದರೆ ಪರೀಕ್ಷಿಸಬೇಕಾದ ತುಂಡಿನ ಮೇಲಿಟ್ಟರೆ ಸೆಕೆಂಡಿಗೆ 40 ಲಕ್ಷ ಸಲ ಮಿಡಿಯುವ ಶಬ್ದ ಉಕ್ಕಿನೊಳಗೆ ಇಳಿಯುತ್ತದೆ. ಮನುಷ್ಯನ ಕಿವಿ 20 ಸಾವಿರದ ಆಚೆಗೆ ಕೇಳಲಾರದು, ಆದ್ದರಿಂದ ನಮಗೇನೂ ಕೇಳಿಸುವುದಿಲ್ಲ, ಪರದೆಯ ಮೇಲೆ ಗೆರೆ ಏಳುತ್ತದೆ ಅಷ್ಟೆ. ಉಕ್ಕಿನಲ್ಲಿ ಆ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 100 ಮಿಲಿಮೀಟರ್ ದಪ್ಪದ ಜಾಬಿನ ತಳ ಮುಟ್ಟಿ ವಾಪಸು ಬರಲು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ 34 ಭಾಗ ಸಾಕು. ಅದಕ್ಕೂ ಮೊದಲೇ ಒಂದು ಪ್ರತಿಧ್ವನಿ ತಿರುಗಿ ಬಂತೆಂದರೆ ನಡುವೆ ಎಲ್ಲೋ ಬಿರುಕಿದೆ ಎಂದು ಅರ್ಥ.

ನೀವೇ ಒಮ್ಮೆ ಡೈ ಬ್ಲಾಕ್ ಕೊಳ್ಳುವಾಗ ಯು.ಟಿ. ರಿಪೋರ್ಟ್ ಇಲ್ಲದೆ ಮುಟ್ಟುವುದಿಲ್ಲ ಎಂದು ಹಟ ಹಿಡಿದಿರಿ. ನಾನೇ ನಿಮ್ಮ ಷಾಪಿನಲ್ಲಿ ಕೂತು ನೋಡಿ ಕೊಟ್ಟೆ. ಪ್ರೋಬ್ ಇಡುವ ಮೊದಲು ಉಕ್ಕಿನ ಮೇಲೆ ಗ್ರೀಸು ಸವರಿದ್ದು ನಿಮಗೆ ನೆನಪಿರಬೇಕು. "ಇದ್ಯಾಕೆ ಸಾರ್, ಕೊಳೆ ಮಾಡ್ತೀರಿ?" ಎಂದು ಕೇಳಿದ್ದಿರಿ. ನಿಮ್ಮ ಗೋಡೆಯ ಪ್ರಶ್ನೆಗೆ ಉತ್ತರ ಆ ಗ್ರೀಸಿನಲ್ಲೇ ಇದೆ.

ಪ್ರೋಬಿಗೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಪರದೆ ಖಾಲಿ. ಗಾಳಿ ತೀರ ಹಗುರ, ತೀರ ಮೆದು. ಉಕ್ಕು ಭಾರ, ಬಿಗಿ. ಇಷ್ಟು ಬೇರೆ ಜಾತಿಯ ಎರಡು ವಸ್ತುಗಳು ಸೇರುವ ಗಡಿಯಲ್ಲಿ ಶಬ್ದ ದಾಟುವುದಿಲ್ಲ, ತಿರುಗಿ ಹೋಗುತ್ತದೆ. ಗಾಳಿಯಿಂದ ಉಕ್ಕಿಗೆ ಹೊಕ್ಕುವ ಶಕ್ತಿ ಲಕ್ಷಕ್ಕೆ ನಾಲ್ಕು ಪಾಲೂ ಇಲ್ಲ. ಗ್ರೀಸು ಆ ಗಾಳಿಯನ್ನು ಹೊರದಬ್ಬಿ ದಾರಿ ಮಾಡಿಕೊಡುತ್ತದೆ. ನಾನು ತೂತು, ಬಿರುಕು ಹುಡುಕುತ್ತಿದ್ದದ್ದೂ ಇದೇ ನಿಯಮದಿಂದ. ಬಿರುಕೆಂದರೆ ಉಕ್ಕಿನೊಳಗೆ ಸಿಕ್ಕಿಕೊಂಡ ಗಾಳಿಯ ತೆಳು ಹಾಳೆ, ಅಲ್ಲಿ ಶಬ್ದ ಮುಂದೆ ಹೋಗಲಾರದೆ ಹಿಂತಿರುಗುತ್ತದೆ.

ಈಗ ನಿಮ್ಮ 50 ಟನ್ ಪ್ರೆಸ್ಸನ್ನು ನೋಡಿ. ಎರಕದ ಬಾಡಿ, ಅದಕ್ಕೆ ನಾಲ್ಕು ಫೌಂಡೇಶನ್ ಬೋಲ್ಟು, ಬೋಲ್ಟುಗಳು ಕಾಂಕ್ರೀಟ್ ನೆಲದಲ್ಲಿ ಹೂತು ಗ್ರೌಟ್ ಆಗಿವೆ, ನೆಲ ಕಂಬಕ್ಕೆ ಬೆಸೆದಿದೆ, ಕಂಬ ತೊಲೆಗೆ, ತೊಲೆ ನಮ್ಮ ಮನೆಯ ನೆಲಕ್ಕೆ. ಉಕ್ಕು, ಕಾಂಕ್ರೀಟು, ಮತ್ತೆ ಉಕ್ಕಿನ ಕಂಬಿ. ಎಲ್ಲೂ ಒಂದು ಸಂದಿಲ್ಲ. ಮೆಷೀನ್ ಅಲುಗಾಡಬಾರದೆಂದು ನೀವು ಬೋಲ್ಟನ್ನು ಎಷ್ಟು ಬಿಗಿ ಮಾಡಿದಿರೋ ಅಷ್ಟಷ್ಟೂ ಪ್ರೆಸ್ಸಿಗೂ ಕಟ್ಟಡಕ್ಕೂ ನಡುವೆ ಗ್ರೀಸು ಸವರಿದ ಹಾಗಾಯಿತು. ನಮ್ಮ ಇಡೀ ಕಟ್ಟಡವೇ ನಿಮ್ಮ ಪ್ರೆಸ್ಸಿನ ಜಾಬ್.

ಒಳ್ಳೆಯ ಕಾಂಕ್ರೀಟಿನಲ್ಲಿ ಶಬ್ದ ಸೆಕೆಂಡಿಗೆ 4,000 ಮೀಟರಿನ ಆಸುಪಾಸು ಹೋಗುತ್ತದೆ. ಸೇತುವೆ, ಕಟ್ಟಡಗಳ ಕಾಂಕ್ರೀಟನ್ನು ಪರೀಕ್ಷಿಸುವುದೇ ಈ ವೇಗದಿಂದ: 1992ರ ಭಾರತೀಯ ಮಾನಕದ ಪ್ರಕಾರ ಸೆಕೆಂಡಿಗೆ 4.5 ಕಿಲೋಮೀಟರ್ ಮೀರಿದರೆ ಅತ್ಯುತ್ತಮ, 3.5ರಿಂದ 4.5ರವರೆಗೆ ಉತ್ತಮ, 3ಕ್ಕಿಂತ ಕೆಳಗಿಳಿದರೆ ಅನುಮಾನ ಎಂದಿತ್ತು. ಹನ್ನೆರಡಡಿ ಕಂಬ ಹತ್ತಲು ಶಬ್ದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಡ. ಗಾಳಿಯಲ್ಲಿ ಅಷ್ಟೇ ಎತ್ತರಕ್ಕೆ ಅದರ ಹತ್ತರಷ್ಟು ಹೊತ್ತು ಬೇಕು, ಯಾಕೆಂದರೆ 20 ಡಿಗ್ರಿಯ ಗಾಳಿಯಲ್ಲಿ ಅದರ ವೇಗ 343 ಮೀಟರ್ ಮಾತ್ರ.

ಇಲ್ಲೊಂದು ಮಾತು ಹೇಳಲೇಬೇಕು. ಘನವಸ್ತು ಹೆಚ್ಚು ಸಾಂದ್ರ, ಅದಕ್ಕೇ ಅದರಲ್ಲಿ ಶಬ್ದ ಬೇಗ ಓಡುತ್ತದೆ ಎಂದು ಎಷ್ಟೋ ಮಕ್ಕಳು ಈಗಲೂ ಬಾಯಿಪಾಠ ಮಾಡುತ್ತಾರೆ. ಅದು ತಪ್ಪು. ಸೀಸ ಉಕ್ಕಿಗಿಂತ ಎಷ್ಟೋ ಭಾರ, ಆದರೆ ಅದರಲ್ಲಿ ಶಬ್ದದ ವೇಗ 2,000 ಮೀಟರಿನ ಆಸುಪಾಸು. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಕದ್ದು, ಅದರಲ್ಲಿ 6,300. ವೇಗ ಕೊಡುವುದು ಬಿಗಿತ. ಒತ್ತಿದರೆ ಎಷ್ಟು ಬೇಗ ಸೆಟೆದು ಮೊದಲಿನಂತಾಗುತ್ತದೆ ಎಂಬ ಗುಣ. ತೂಕ ವೇಗವನ್ನು ತಗ್ಗಿಸುತ್ತದೆಯೇ ಹೊರತು ಏರಿಸುವುದಿಲ್ಲ. ಇದು ಸರಿಯಾಗಿ ಗೊತ್ತಿದ್ದರೆ ಪ್ರೆಸ್ಸಿನ ಕಾಲಿಗೆ ರಬ್ಬರು ಯಾಕೆ ಬೇಕು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇದೆಲ್ಲ ನಿಮ್ಮ ಕೈಗೆ ಗೊತ್ತಿಲ್ಲದ್ದೇನೂ ಅಲ್ಲ. ಬೇರಿಂಗ್ ಹೋಗಿದೆಯೋ ನೋಡಲು ನಿಮ್ಮ ಫಿಟ್ಟರು ಏನು ಮಾಡುತ್ತಾನೆ? ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಹೌಸಿಂಗಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾನೆ. ಅಷ್ಟು ಗದ್ದಲದ ಷಾಪಿನಲ್ಲಿ ಒಂದು ಗುಂಡಿನ ಕರಕರ ಅವನಿಗೆ ಕೇಳುತ್ತದೆ. ಹೊಸ ಗ್ರೈಂಡಿಂಗ್ ವೀಲನ್ನು ಹಾಕುವ ಮೊದಲು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ತಟ್ಟುತ್ತಾನೆ; 'ಠಣ್' ಎಂದರೆ ಹಾಕು, 'ಥಪ್' ಎಂದರೆ ಬಿಸಾಡು. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯೂ ಬೆರಳ ಗೆಣ್ಣಿನಿಂದ ಹಾಗೇ ತಟ್ಟುತ್ತಾಳೆ. ಉಕ್ಕು ಶಬ್ದ ಸಾಗಿಸುತ್ತದೆ ಎಂಬ ನಂಬಿಕೆಯ ಮೇಲೆ ಪೀಣ್ಯ ಅನ್ನ ತಿನ್ನುತ್ತಿದೆ. ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ರೈಲಿನ ಅಚ್ಚು ಯು.ಟಿ. ಪರೀಕ್ಷೆ ಪಾಸಾಗದೆ ಆಚೆ ಹೋಗುವುದಿಲ್ಲ. ಜಾಬಿನ ವಿಷಯದಲ್ಲಿ ನಂಬುವುದನ್ನು ನಾವು ಕಂಬದ ವಿಷಯದಲ್ಲೂ ನಂಬಬೇಕು ಸ್ವಾಮಿ.

ನನ್ನ ಹೆಂಡತಿ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದವಳು. ಅವಳ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆ ತನ್ನ ಮೇಲಿನ ಒತ್ತಡ ತಾಳಲಾರದೆ ಒಮ್ಮೊಮ್ಮೆ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎಂದರೆ ಆ ಊರಿನ ಮಕ್ಕಳಿಗೂ ಗೊತ್ತು. ಗಾಳಿಯಲ್ಲಿ ಆ ಸದ್ದು ಮೇಲೆ ಬರುವಂತೆಯೇ ಇಲ್ಲ. ಬಂಡೆಯ ಮೂಲಕ ಅರ್ಧ ಸೆಕೆಂಡಿನಲ್ಲಿ ಬಂದು ಅಡುಗೆಮನೆಯ ನೆಲ ಮುಟ್ಟುತ್ತಿತ್ತು. ಮೊದಲು ಪಾದಕ್ಕೆ ತಿಳಿಯುತ್ತಿತ್ತು, ಆಮೇಲೆ ಕಪಾಟಿನ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು, ಆಮೇಲೆ ಹೆಂಗಸರೆಲ್ಲ ಬಾಗಿಲಿಗೆ ಬಂದು ಗಣಿಯ ಕಡೆ ನೋಡುತ್ತ ನಿಲ್ಲುತ್ತಿದ್ದರು, ಈ ಷಿಫ್ಟಿನಲ್ಲಿ ಯಾರ ಮನೆಯವರು ಕೆಳಗಿದ್ದಾರೆ ಎಂದು. 2001ರಲ್ಲಿ ಗಣಿ ಮುಚ್ಚಿತು. ಆದರೆ ಲೋಟ ಕಿಣಿಗುಟ್ಟಿದರೆ ಅವಳು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಾಳೆ. ಅಲ್ಲಿ ಅದು ಎಂದೋ ಒಂದು ದಿನದ ಮಾತು. ಇಲ್ಲಿ ನಿಮಿಷಕ್ಕೆ 40 ಸ್ಟ್ರೋಕು, ರಾತ್ರಿ ಹನ್ನೊಂದರವರೆಗೆ.

ನೆಲದ ಮೂಲಕ ಎಷ್ಟು ದೂರ ಕೇಳಬಹುದು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಅಣುಶಕ್ತಿ ಇಲಾಖೆಯವರು 1965ರಲ್ಲಿ ಗೌರಿಬಿದನೂರಿನ ಬಳಿ ಭೂಕಂಪಮಾಪಕಗಳ ಸಾಲು ಹೂಡಿದ್ದು, ಬೇರೆ ದೇಶಗಳು ನೆಲದಡಿಯಲ್ಲಿ ನಡೆಸುವ ಅಣುಸ್ಫೋಟದ ಸದ್ದನ್ನು ಬಂಡೆಗೆ ಕಿವಿಗೊಟ್ಟು ಕೇಳುವುದಕ್ಕೆ.

ಇದರ ಇನ್ನೊಂದು ಮುಖವನ್ನು 2020ರ ಮೇ 20ರಂದು ಬೆಂಗಳೂರೇ ನೋಡಿತು. ಲಾಕ್‌ಡೌನಿನ ಕಾಲ, ಮಧ್ಯಾಹ್ನ ಒಂದೂಕಾಲು ದಾಟಿತ್ತು. ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ ಕಡೆಯಲ್ಲೆಲ್ಲ ದೊಡ್ಡದೊಂದು ಸ್ಫೋಟದ ಸದ್ದು, ಕಿಟಕಿ ಗಾಜುಗಳು ಅದುರಿದವು. ಭೂಕಂಪ ಎಂದು ಜನ ಮನೆಯಿಂದ ಹೊರಗೋಡಿದರು. ವೈಟ್‌ಫೀಲ್ಡಿನಲ್ಲಿರುವ ನನ್ನ ತಂಗಿ ಅಳುತ್ತಲೇ ಫೋನು ಮಾಡಿದಳು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಲ್ಲಿ ಮಾತ್ರ ಭೂಕಂಪದ ಕುರುಹೇ ಇರಲಿಲ್ಲ. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆ ವಿಷಯ ತಿಳಿಸಿತು: ವಾಯುಪಡೆಯ ಪರೀಕ್ಷಾ ವಿಮಾನವೊಂದು 36 ಸಾವಿರದಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದದ ವೇಗ ಮೀರಿ ಹಾರಿ ಮತ್ತೆ ಇಳಿಸಿಕೊಳ್ಳುವಾಗ ಎದ್ದ ಸದ್ದು ಅದು, ವಿಮಾನ 65ರಿಂದ 80 ಕಿಲೋಮೀಟರ್ ದೂರವಿದ್ದರೂ ಕೇಳಬಹುದು ಎಂದು. ಗಾಳಿಯಲ್ಲಿ ಹುಟ್ಟಿದ ಶಬ್ದ ತೆಳ್ಳನೆಯ ಗಾಜನ್ನು ಅಲ್ಲಾಡಿಸಿತು, ಕಿವಿ ತಲುಪಿತು. ನೆಲದೊಳಕ್ಕೆ ಇಳಿಯಲು ಅದರ ಬಳಿ ದಾರಿ ಇರಲಿಲ್ಲ. ಅದೇ ಗ್ರೀಸಿಲ್ಲದ ಪ್ರೋಬಿನ ಕಥೆ. ಆಕಾಶದ ಅಷ್ಟು ದೊಡ್ಡ ಸದ್ದಿಗೆ ಕದಲದ ನೆಲ ನಿಮ್ಮ ವಾಷರಿನ ಪ್ರೆಸ್ಸಿಗೆ ಅದುರುತ್ತದೆಂದರೆ, ಸದ್ದಿನ ಗಾತ್ರಕ್ಕಿಂತ ಅದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದೇ ಮುಖ್ಯವಾಯಿತಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಅದರಿಂದ ನಮಗಿಬ್ಬರಿಗೂ ಹೆಚ್ಚಿನ ಉಪಯೋಗವಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಕೈಗಾರಿಕಾ ಪ್ರದೇಶಕ್ಕೆ 75, 70. ನಮ್ಮ ಬೀದಿ ಎರಡರಲ್ಲಿ ಯಾವುದು ಎಂದು ಕೂತರೆ ವರ್ಷ ಕಳೆಯುತ್ತದೆ. ಅಲ್ಲದೆ ಆ ಅಳತೆ ಗಾಳಿಯಲ್ಲಿ ಹಿಡಿಯುವ ಮೀಟರಿನದು. ಕಿವಿಯ ಗುಣಕ್ಕೆ ಹೊಂದಿಸಿದ ಆ ಮೀಟರು 50 ಹರ್ಟ್ಸಿನಂಥ ಗಡುಸು ಸದ್ದಿನಲ್ಲಿ 30 ಡೆಸಿಬೆಲ್ ಕಳೆದೇ ತೋರಿಸುತ್ತದೆ. ಬೀದಿಯಲ್ಲಿ ನಿಂತು ಅಳೆದರೆ ನೀವು ಪಾಸು. ನಮ್ಮ ಮಂಚದ ಕಾಲು ಅದುರುವುದನ್ನು ಆ ಅಂಕಿ ಹೇಳುವುದಿಲ್ಲ.

ನಿದ್ದೆಗಿಂತ ದೊಡ್ಡ ವಿಷಯ ಇನ್ನೊಂದಿದೆ, ಅದಕ್ಕಾಗಿಯೇ ನಿಜವಾಗಿ ಈ ಪತ್ರ. ನಿಮ್ಮ ಎರಡನೇ ಪ್ರೆಸ್ಸಿನಲ್ಲಿ ಯಾದಗಿರಿ ಕಡೆಯ ಹುಡುಗನೊಬ್ಬನಿದ್ದಾನೆ. ಇಪ್ಪತ್ತು ತುಂಬಿರಲಿಕ್ಕಿಲ್ಲ. ಬಂದ ಹೊಸದರಲ್ಲಿ ಮೆಟ್ಟಿಲಲ್ಲಿ ಕೂತು ಊರಿಗೆ ಮೆಲುದನಿಯಲ್ಲಿ ಫೋನು ಮಾಡುತ್ತಿದ್ದ. ಈಗ ಕೂಗಿ ಮಾತಾಡುತ್ತಾನೆ. "ಊಟ ಆಯ್ತೇನಪ್ಪಾ?" ಎಂದರೆ "ಏನಂದ್ರಿ?" ಎನ್ನುತ್ತಾನೆ, ಎರಡನೇ ಸಲಕ್ಕೆ ನನ್ನ ತುಟಿ ನೋಡಿ ಉತ್ತರ ಕೊಡುತ್ತಾನೆ. ಒಮ್ಮೆ ಅವನ ತಲೆಯ ಹತ್ತಿರ ನನ್ನ ಹಳೆಯ ಮೀಟರು ಹಿಡಿದೆ, 90 ದಾಟಿತ್ತು. ಕಾರ್ಖಾನೆಗಳ ನಿಯಮದಲ್ಲಿ 90 ಡೆಸಿಬೆಲಿಗೆ ದಿನಕ್ಕೆ 8 ಗಂಟೆ ಮಿತಿ, 95ಕ್ಕೆ 4 ಗಂಟೆ, 100ಕ್ಕೆ 2. ಅವನು ಓಟಿ ಸೇರಿ 12 ಗಂಟೆ ನಿಲ್ಲುತ್ತಾನೆ.

ಗಾಳಿಯ ಶಬ್ದ ಬೇರೆ ವಸ್ತುವಿಗೆ ದಾಟದು ಎಂದೆನಲ್ಲ, ಕಿವಿಯೊಳಗೆ ಅದನ್ನು ದಾಟಿಸುವ ಏರ್ಪಾಡಿದೆ. ಒಳಗಿವಿಯಲ್ಲಿರುವುದು ದ್ರವ. ಗಾಳಿಯಿಂದ ದ್ರವಕ್ಕೆ ಶಬ್ದ ಸುಮ್ಮನೆ ಇಳಿಯುವುದಿಲ್ಲ. ಆದ್ದರಿಂದ ತಮಟೆಯಂಥ ಪೊರೆಯ ಮೇಲೆ ಬಿದ್ದ ಒತ್ತಡವನ್ನು ಮೂರು ಪುಟ್ಟ ಮೂಳೆಗಳು ಸನ್ನೆಗೋಲಿನಂತೆ ಹಿಡಿದು, ಅದರ ಹದಿನೇಳರಲ್ಲಿ ಒಂದು ಪಾಲಿನಷ್ಟಿರುವ ಸಣ್ಣ ಕಿಂಡಿಗೆ ಒತ್ತಿ ಕೊಡುತ್ತವೆ. ಒತ್ತಡ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ದ್ರವ ಕದಲುತ್ತದೆ. ಪಿಸುಮಾತು ಕೇಳಲೆಂದು ಇರುವ ಈ ಏರ್ಪಾಡು ಪ್ರೆಸ್ಸಿನ ಏಟನ್ನೂ ಅಷ್ಟೇ ನಿಷ್ಠೆಯಿಂದ ಒಳಕ್ಕೆ ದಾಟಿಸುತ್ತದೆ. ಅಲ್ಲಿ ಕಾಯುತ್ತಿರುವ ಕೂದಲಿನಂಥ ಕೋಶಗಳು ಬಗ್ಗಿ ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಸಿನ ಸುತ್ತಲಿನ ಕೇಳ್ಮೆ. ಮಾತಿನಲ್ಲಿ ಸ, ಶ, ತ, ಫಗಳ ಗುರುತು ಹತ್ತುವುದು ಅಂಥ ಎತ್ತರದ ಸ್ವರಗಳಿಂದ. ಅದಕ್ಕೇ ಅವನಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಶಬ್ದದಿಂದ ಬರುವ ಕಿವುಡನ್ನು ಕಾರ್ಖಾನೆ ಕಾಯ್ದೆಯಲ್ಲಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಎಂದೋ ಸೇರಿಸಿದರು. ನಮ್ಮ ಬೀದಿಯ ಯಾವ ಷಾಪಿನವರೂ ಒಬ್ಬನ ಹೆಸರನ್ನೂ ವರದಿ ಮಾಡಿದ್ದು ನಾನು ಕೇಳಿಲ್ಲ.

ಏನು ಮಾಡಬೇಕೆಂದು ಹೇಳದೆ ಪತ್ರ ಮುಗಿಸಿದರೆ ತಪ್ಪಾದೀತು. ಪ್ರೆಸ್ಸನ್ನು ಕಟ್ಟಡದಿಂದ ಬಿಡಿಸಿ. ಅದರ ಕೆಳಗಿನ ನೆಲವನ್ನು ಸುತ್ತಲೂ ಕೊಯ್ದು ಬೇರೆ ಮಾಡಿ, ಅಲ್ಲಿ ಭಾರದ ಕಾಂಕ್ರೀಟ್ ದಿಮ್ಮಿ ಹಾಕಿಸಿ, ದಿಮ್ಮಿಗೂ ನೆಲಕ್ಕೂ ನಡುವೆ ಸಂದು ಬಿಡಿ. ಆ ಸಂದಿಗೆ ಸಿಮೆಂಟು ತುಂಬಲು ಮೇಸ್ತ್ರಿಗೆ ಬಿಡಬೇಡಿ, ತುಂಬಿದರೆ ಮಾಡಿದ್ದೆಲ್ಲ ವ್ಯರ್ಥ. ಪ್ರೆಸ್ಸಿನ ಕಾಲಿಗೆ ಕಂಪನ ತಡೆಯುವ ರಬ್ಬರ್ ಮೌಂಟು ಕೊಡಿ, ಪೀಣ್ಯದಲ್ಲೇ ಸಿಗುತ್ತದೆ. ಗಟ್ಟಿ ರಬ್ಬರಿನ ಹಾಳೆ ಕತ್ತರಿಸಿ ಇಟ್ಟರೆ ಆಗದು, ಮೆಷೀನಿನ ತೂಕಕ್ಕೆ ಅದು ಕಣ್ಣಿಗೆ ಕಾಣುವಷ್ಟು ಕುಸಿಯಬೇಕು, ಆಗಲೇ ಅದು ಏಟನ್ನು ತನ್ನೊಳಗೆ ಹಿಡಿದು ಬಿಸಿಯಾಗಿ ಕರಗಿಸುತ್ತದೆ. ನಮ್ಮ ತಲೆಯ ಮೇಲೆ ನಾಗಸಂದ್ರದ ಕಡೆ ಓಡುವ ಮೆಟ್ರೊದ ಹಳಿಯ ಅಡಿಯಲ್ಲೂ ರಬ್ಬರಿನ ಪ್ಯಾಡ್ ಇದೆ, ಇದೇ ಕೆಲಸಕ್ಕೆ. ಜೊತೆಗೆ ಪಂಚಿನ ಮುಖಕ್ಕೆ ಸ್ವಲ್ಪ ಶಿಯರ್ ಕೊಡಿಸಿ. ಈಗ ಇಡೀ ಅಂಚು ಒಂದೇ ಸಲ ಹಾಳೆ ಹರಿಯುತ್ತದೆ, ಹರಿದ ಕ್ಷಣ ಪ್ರೆಸ್ಸಿನ ಬಾಡಿ ಬಿಲ್ಲಿನ ಹಾಗೆ ಹಿಂದಕ್ಕೆ ಸೆಟೆಯುತ್ತದೆ. ಆ 'ಧಡ್' ಹುಟ್ಟುವುದೇ ಅಲ್ಲಿ. ಶಿಯರ್ ಕೊಟ್ಟರೆ ಕತ್ತರಿಯ ಹಾಗೆ ಸರಸರ ಹರಿಯುತ್ತದೆ, ಟನ್ನೇಜೂ ಕಡಿಮೆ ಬೀಳುತ್ತದೆ, ಡೈಯೂ ಹೆಚ್ಚು ದಿನ ಬಾಳುತ್ತದೆ. ನಿಮ್ಮ ಟೂಲ್ ರೂಮಿನವರಿಗೆ ಇದು ಹೊಸ ವಿದ್ಯೆಯಲ್ಲ, ಮಾಡಿ ಎಂದು ಯಾರೂ ಹೇಳಿಲ್ಲ ಅಷ್ಟೆ.

ಈ ಶನಿವಾರ ರಾತ್ರಿ ಪ್ರೆಸ್ಸು ನಿಲ್ಲಿಸಬೇಡಿ, ಓಡುತ್ತಿರಲಿ. ನೀವು ಒಂದು ಹತ್ತು ನಿಮಿಷ ಮೇಲೆ ಬನ್ನಿ. ನಮ್ಮ ಮಲಗುವ ಕೋಣೆಯ ಮೂಲೆಯ ಕಂಬಕ್ಕೆ ಕಿವಿ ಕೊಟ್ಟು ನಿಂತುಕೊಳ್ಳಿ. ಯಾವ ಜಾಬು, ಎಷ್ಟು ಗೇಜಿನ ಹಾಳೆ, ಯಾವ ಹುಡುಗ ಪೆಡಲ್ ಒತ್ತುತ್ತಿದ್ದಾನೆ ಎಂದು ನೀವೇ ಹೇಳುತ್ತೀರಿ. ಕಾಫಿ ಕುಡಿದು ಹೋಗಿ. ಮೌಂಟು ಕೂರಿಸುವ ದಿನ ನಾನೂ ಕೆಳಗೆ ಬರುತ್ತೇನೆ, ಕೂಲಿ ಬೇಡ.

ಮೌಂಟು ಬರುವುದಕ್ಕೆ ಒಂದು ತಿಂಗಳಾದರೂ ಆಗಲಿ, ನಾವು ಕಾಯುತ್ತೇವೆ. ಆ ಯಾದಗಿರಿ ಹುಡುಗನಿಗೆ ಮಾತ್ರ ಸೋಮವಾರ ಅರ್ಧ ದಿನ ರಜೆ ಕೊಟ್ಟು, ಸಂಬಳ ಹಿಡಿಯದೆ, ಪೀಣ್ಯದ ಇ.ಎಸ್.ಐ. ಆಸ್ಪತ್ರೆಗೆ ಕಳಿಸಿ ಕಿವಿ ಪರೀಕ್ಷೆ ಮಾಡಿಸಿ.

ಇಂತಿ,
ನಿಮ್ಮ ಷಾಪಿನ ಮೇಲಿನ ಮನೆಯವನು